ಬಾಯಿ ಮುಚ್ಚಿ ಓದುವ ಕೋಣೆ

ಮಲಕಾಜಪ್ಪ ಮಾಸ್ತರರು ಓದಲಿಕ್ಕೆ ಕೂತರೆ ಸೋನ್ಯಾಳದ ಅರ್ಧ ಊರಿಗೆ ಕೇಳುತ್ತಿತ್ತು. ಉಳಿದ ಅರ್ಧ ಊರು ಆ ಹೊತ್ತಿಗೆ ಹೊಲದಲ್ಲಿರುತ್ತಿತ್ತು, ಅಷ್ಟೇ. ಪುರಾಣವಾಗಲಿ, ಪಂಚಾಂಗವಾಗಲಿ, ಜತ್ತಿನ ಕಚೇರಿಯಿಂದ ಬಂದ ನೋಟೀಸಾಗಲಿ, ಅವರ ಬಾಯಲ್ಲಿ ಎಲ್ಲಕ್ಕೂ ಒಂದೇ ರಾಗ. ಹತ್ತಿಯ ದರ ಇಳಿದ ಸುದ್ದಿಯನ್ನೂ ಅವರು ರಾಣಿ ವನವಾಸಕ್ಕೆ ಹೊರಟ ಸಂಕಟದಲ್ಲಿ ಓದಿ, ಕೂತವರ ಕಣ್ಣಲ್ಲಿ ನೀರು ತರಿಸಬಲ್ಲವರಾಗಿದ್ದರು. ಬಾಯಿ ತೆರೆಯದೆ ಓದುವ ಒಂದು ಪದ್ಧತಿ ಲೋಕದಲ್ಲಿದೆ ಎಂಬ ಸಂಗತಿ ಅವರಿಗೆ ಅರವತ್ತೆಂಟು ವರ್ಷ ತುಂಬುವ ತನಕ ತಾಕಿರಲಿಲ್ಲ. ಅದನ್ನು ತಾಕಿಸಿದವನು ಅವರದೇ ಶಿಷ್ಯ ಶಿದ್ರಾಯ. ಈ ಕಥೆ ಅವನದು.

ಶಿದ್ರಾಯ ಆರು ವರ್ಷದವನಿದ್ದಾಗ ತಂದೆ ಕಾಲರಾದಲ್ಲಿ ತೀರಿಹೋದ. ತಾಯಿ ಸಂಗವ್ವ ಕಂಡವರ ಹೊಲದಲ್ಲಿ ಕಳೆ ತೆಗೆಯಲು ಹೋಗುವಾಗ ಹುಡುಗನನ್ನು ಎಲ್ಲಿ ಬಿಡಬೇಕೆಂದು ತಿಳಿಯದೆ ಮಾಸ್ತರರ ಪಡಸಾಲೆಯಲ್ಲಿ ಕೂರಿಸಿ ಹೋಗುತ್ತಿದ್ದಳು. ಆ ಪಡಸಾಲೆಯೇ ಆಗ ಊರಿನ ಗಾವಠಿ ಸಾಲೆ. ನೆಲದ ಮೇಲೆ ಉಸುಕು ಹರವಿ, ಬೆರಳು ಹಿಡಿದು ತಿದ್ದಿಸಿ, ತಿದ್ದಿದ್ದನ್ನು ಗಂಟಲು ಹರಿಯುವಂತೆ ಒದರಿಸುವುದು ಮಾಸ್ತರರ ವಿದ್ಯೆ. ಯಾವನಾದರೂ ದನಿ ತಗ್ಗಿಸಿದರೆ ಅವನ ಕಿವಿ ಮಾಸ್ತರರ ಎರಡು ಬೆರಳ ನಡುವೆ.

"ಕಿವಿಗೆ ಮುಟ್ಟದ್ದು ತಲಿಗೆ ಹೆಂಗ ಮುಟ್ಟೀತಲೇ ಶಿದ್ಯಾ? ಬಾಯಿ ತಗಿ!" ಎನ್ನುತ್ತಿದ್ದರು.

ಶಿದ್ಯಾ ಬಾಯಿ ತೆಗೆದ. ಎಂಥ ಬಾಯಿ ತೆಗೆದನೆಂದರೆ ನಾಲ್ಕೇ ವರ್ಷದಲ್ಲಿ ಮಾಸ್ತರರು ಅವನ ಕೈಹಿಡಿದು ಜತ್ತಿಗೆ ಕರೆದುಕೊಂಡು ಹೋಗಿ, ಬೋರ್ಡಿಂಗಿನವರ ಕಾಲಿಗೆ ಬೀಳುವುದೊಂದು ಬಾಕಿ ಇಟ್ಟು, ಅವನನ್ನು ದೊಡ್ಡ ಸಾಲೆಗೆ ಸೇರಿಸಿ ಬಂದರು. ಬೋರ್ಡಿಂಗಿನಲ್ಲಿ ಒಂದು ಕೋಣೆಗೆ ಆರು ಹುಡುಗರು. ಶಿದ್ರಾಯ ಮೊದಲ ದಿನ ಮಾಸ್ತರರ ರಾಗದಲ್ಲಿ ಭೂಗೋಳ ಓದಲು ಶುರುಮಾಡಿದಾಗ ಐವರೂ ಸೇರಿ ಅವನ ತಲೆಯ ಮೇಲೆ ಕೌದಿ ಮುಚ್ಚಿದರು. ಒಂದು ತಿಂಗಳಲ್ಲಿ ಅವನು ಕಣ್ಣಿನಿಂದಲೇ ಓದುವುದನ್ನು ಕಲಿತ. ಕಲಿತ ಮೇಲೆ, ಬಾಯಿಂದ ಓದುವವರೆಲ್ಲ ಹಳ್ಳಿ ಗುಗ್ಗುಗಳೆಂದು ಅನ್ನಿಸತೊಡಗಿತು. ಹೊಸದಾಗಿ ಚಪ್ಪಲಿ ಮೆಟ್ಟಿದವನಿಗೆ ಬರಿಗಾಲಿನವರೇ ಕಣ್ಣಿಗೆ ಬೀಳುತ್ತಾರಲ್ಲ, ಹಾಗೆ.

ಸೂಟಿಯಲ್ಲಿ ಊರಿಗೆ ಬಂದವನು ಒಮ್ಮೆ ಮಾಸ್ತರರ ಪಡಸಾಲೆಯಲ್ಲಿ ಪುಸ್ತಕ ಹಿಡಿದು ಸುಮ್ಮನೆ ಕೂತಿದ್ದ.

"ಯಾಕಲೇ, ಪುಸ್ತಕ ನೋಡ್ಕೋತ ಕುಂತೀದಿ? ಓದು."

"ಓದ್ಲಿಕತ್ತೀನ್ರಿ ಮಾಸ್ತರ."

"ಸುಳ್ಳ ಬೊಗಳಬ್ಯಾಡ. ನನಗೇನ ಕಿವಿ ಇಲ್ಲೇನು?" ಎಂದು ಮಾಸ್ತರರು ನಕ್ಕರು. ಶಿದ್ರಾಯನೂ ನಕ್ಕ. ಆದರೆ ಅವನ ನಗೆಯಲ್ಲಿ ಗುರುವಿನ ಬಗ್ಗೆ ಒಂದಿಷ್ಟು ಕನಿಕರ ಸೇರಿತ್ತು. ಕಲಿಸಿದವನ ಮೇಲೆ ಕಲಿತವನು ಕನಿಕರ ಪಡುವ ದಿನ ಒಳ್ಳೆಯದಲ್ಲ, ಆದರೆ ಅದು ಬರುವುದಂತೂ ಬರುತ್ತದೆ.

ದೇಶಕ್ಕೆ ಸ್ವಾತಂತ್ರ್ಯ ಬಂತು, ಜತ್ತ ಸಂಸ್ಥಾನ ಹೋಗಿ ಮುಂಬಯಿ ಸರಕಾರ ಬಂತು. ಅಷ್ಟರೊಳಗೆ ಶಿದ್ರಾಯ ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾಗಿ, ತಾಯಿ ಒಬ್ಬಳೇ ಎಂದು ಊರಿಗೇ ಮರಳಿ, ಪಾಲಿಗೆ ಹೊಲ ಹಿಡಿದ. ಹೊಸ ಸಾಲೆ ಬಂದದ್ದರಿಂದ ಮಾಸ್ತರರ ಗಾವಠಿ ಸಾಲೆ ತಾನಾಗಿ ಮುಚ್ಚಿತು. ಐವತ್ತೆರಡನೆಯ ಇಸವಿಯಲ್ಲಿ ಊರಿಗೊಂದು ವಾಚನಾಲಯ ಮಂಜೂರಾದಾಗ ಪಂಚರು ಚಾವಡಿಯ ಬದಿಯ ಕೋಣೆ ಬಿಟ್ಟುಕೊಟ್ಟು ಕೀಲಿಕೈಯನ್ನು ಶಿದ್ರಾಯನ ಕೈಗಿಟ್ಟರು. ಅವನಿಗಾಗ ಇಪ್ಪತ್ತೈದು. ಒಂದು ಕಪಾಟು, ಅರ್ಧ ಕನ್ನಡ ಅರ್ಧ ಮರಾಠಿಯ ಅರವತ್ತು ಪುಸ್ತಕ, ಕೂರಲು ಎರಡು ಬಾಕು, ಜತ್ತಿನಿಂದ ಬರುವ ಎಸ್.ಟಿ. ಬಸ್ಸಿನಲ್ಲಿ ಎರಡು ದಿನ ತಡವಾಗಿ ಇಳಿಯುವ ಒಂದು ಪತ್ರಿಕೆ. ಇಷ್ಟೇ ಅವನ ಸಂಸ್ಥಾನ. ಅದನ್ನು ಅವನು ಜೀವದಂತೆ ಕಾಪಾಡಿದ.

ಪತ್ರಿಕೆ ಬಂದ ಸಂಜೆ ಅದನ್ನು ಮೊದಲು ಬಿಡಿಸುವ ಹಕ್ಕು ಮಾಸ್ತರರದು. ಯಾರೂ ಕೊಟ್ಟ ಹಕ್ಕಲ್ಲ, ಆದರೆ ಯಾರಿಗೂ ಅದರ ಬಗ್ಗೆ ಅನುಮಾನವಿರಲಿಲ್ಲ. ಕಿಟಕಿಯ ಹತ್ತಿರ ಕೂತು, ಬೆರಳನ್ನು ಸಾಲಿನ ಕೆಳಗೆ ಓಡಿಸುತ್ತ, ಮೈ ತೂಗುತ್ತ ಅವರು ಓದುತ್ತಿದ್ದರು. ಎದುರಿಗೆ ಹತ್ತಿ ಹಿಂಜುವ ಮೌಲಾಲಿ ಕೂತು, ಪ್ರತಿ ಸಾಲಿಗೂ "ಹೂಂ" ಎನ್ನುತ್ತಿದ್ದ. ಹೂಂಗುಟ್ಟುವವನಿಲ್ಲದೆ ಓದುವುದು ಈ ಕಡೆಯ ರೂಢಿಯಲ್ಲ. ಮೌಲಾಲಿಗೆ ಯಾವ ಲಿಪಿಯೂ ಬಾರದಿದ್ದರೂ ಹೂಂಗುಟ್ಟುವುದರಲ್ಲಿ ಅವನಂಥ ಪಂಡಿತ ಸುತ್ತಿನ ಹತ್ತು ಹಳ್ಳಿಯಲ್ಲಿ ಇರಲಿಲ್ಲ. ಎಲ್ಲಿ ಆಶ್ಚರ್ಯದ ಹೂಂ, ಎಲ್ಲಿ ಸಿಟ್ಟಿನ ಹೂಂ, ಎಲ್ಲಿ "ಇದು ಸುಳ್ಳು" ಎನ್ನುವ ಹೂಂ, ಅವನಿಗೆ ಗೊತ್ತಿತ್ತು.

ಗಂಡಸರು ಕೂರುವ ಚಾವಡಿಗೆ ಹೆಂಗಸರು ಕಾಲಿಡುವಂತಿರಲಿಲ್ಲ. ಅವರು ಕಿಟಕಿಯ ಆಚೆ, ಹಣಮಪ್ಪನ ಗುಡಿಯ ಕಟ್ಟೆಯ ಮೇಲೆ ಕೂತು ಬೇಳೆ ಹಸನು ಮಾಡುವುದೋ, ಬತ್ತಿ ಹೊಸೆಯುವುದೋ ಮಾಡುತ್ತಿದ್ದರು. ಹೆಂಗಸರೆಲ್ಲ ಬೇಳೆ ಹಸನು ಮಾಡಲು ಇದೇ ಕಟ್ಟೆಗೆ ಯಾಕೆ ಬರಬೇಕು ಎಂದು ಶಿದ್ರಾಯ ಒಮ್ಮೆಯೂ ಯೋಚಿಸಲಿಲ್ಲ. ಅವರಲ್ಲಿ ಅವನ ತಾಯಿಯೂ ಇದ್ದಳು.

ಮುಂದಿನ ವರ್ಷ ದೀಪಾವಳಿ ಮುಗಿದ ಮೇಲೆ ಶಿದ್ರಾಯ ಕೆಲಸದ ಮೇಲೆ ಸಾಂಗಲಿಗೆ ಹೋದ. ಅಲ್ಲಿ ದೊಡ್ಡದೊಂದು ವಾಚನಾಲಯ ಕಂಡ. ನಲವತ್ತು ಜನ ಕೂತಿದ್ದಾರೆ, ಹಾಳೆ ತಿರುವುವ ಸಪ್ಪಳ ಬಿಟ್ಟರೆ ಪಿಟ್ಟೆಂಬ ಸದ್ದಿಲ್ಲ. ಗೋಡೆಗೆ ಮರಾಠಿಯಲ್ಲಿ 'ಶಾಂತತೆ ಪಾಲಿಸಿ' ಎಂಬ ಫಲಕ. ಶಿದ್ರಾಯನಿಗೆ ಗುಡಿ ಹೊಕ್ಕಂತಾಯಿತು. ತನ್ನ ಕೋಣೆಯ ಗದ್ದಲ ನೆನೆದು, ಯಾರೂ ನೋಡದಿದ್ದರೂ ಅವನು ನಾಚಿದ. ಅದೇ ಹೊತ್ತಿಗೆ ಊರಿಗೆ ಟಪಾಲು ಬಂದಿತ್ತು: ಪುಷ್ಯ ಮಾಸದಲ್ಲಿ ತಪಾಸಣೆಯ ಸಾಹೇಬರು ಬರುತ್ತಾರೆ, ಅವರ ಮನಸ್ಸಿಗೆ ಬಂದರೆ ವಾಚನಾಲಯಕ್ಕೆ ಕಾಯಂ ಮಾನ್ಯತೆ, ಇಲ್ಲದಿದ್ದರೆ ಕಪಾಟೂ ಪುಸ್ತಕವೂ ಬೇರೆ ಊರಿಗೆ. ಶಿದ್ರಾಯ ಆ ಕಾಗದವನ್ನು ಹತ್ತು ಸಲ ಓದಿದ. ಕಣ್ಣಿನಿಂದಲೇ.

ಮರುದಿನ ಅವನು ಒಂದು ಹಲಗೆಗೆ ಸುಣ್ಣ ಬಳಿದು, ಕಾವಿಯಲ್ಲಿ ದಪ್ಪಗೆ 'ಶಾಂತತೆ ಪಾಲಿಸಿ' ಎಂದು ಬರೆದು ಕಿಟಕಿಯ ಮೇಲೆ ತೂಗುಹಾಕಿದ. ಸಂಜೆ ಮಾಸ್ತರರು ಬಂದು, ಮೂಗಿಗೆ ಚಾಳೀಸು ಏರಿಸಿ, ಮೊದಲು ಆ ಹಲಗೆಯನ್ನೇ ಊರಿಗೆಲ್ಲ ಕೇಳುವಂತೆ ರಾಗವಾಗಿ ಓದಿದರು. ಬಾಕಿನ ಮೇಲಿದ್ದ ಪ್ರಾಯದ ಹುಡುಗರು ಬಿದ್ದು ಬಿದ್ದು ನಕ್ಕರು. ಶಿದ್ರಾಯನ ಮುಖ ಕೆಂಪಾಯಿತು.

"ಮಾಸ್ತರ, ಇನ್ನಮ್ಯಾಲೆ ಮನಸಿನ್ಯಾಗ ಓದ್ರಿ."

"ಮನಸಿನ್ಯಾಗ ಹೆಂಗ ಓದೂದಲೇ?"

"ಎಲ್ಲಾರೂ ಓದತಾರಲ್ರಿ ಹಂಗ."

"ಮತ್ತ ಮೌಲಾಲಿಗೆ ಹೆಂಗ ಕೇಳ್ಬೇಕು?" ಮಾಸ್ತರರು ನಿಜವಾಗಿಯೂ ತಿಳಿದುಕೊಳ್ಳಲೆಂದೇ ಕೇಳಿದ್ದರು. ಹುಡುಗರು ಮತ್ತೆ ನಕ್ಕರು. ಶಿದ್ರಾಯನಿಗೆ ಆ ನಗೆ ತನ್ನ ಮೇಲೆಯೇ ಬಂದಂತೆನಿಸಿ ನಾಲಿಗೆ ತಪ್ಪಿತು.

"ಬರದಿದ್ರ ಸುಮ್ನ ಕುಂದ್ರಿ! ಇದು ವಾಚನಾಲಯ, ಬಯಲಾಟದ ಅಟ್ಟ ಅಲ್ಲ. ನಿಮ್ಮ ಒದರಾಟಕ್ಕ ನಾಳೆ ಕಪಾಟ ಎತ್ಕೊಂಡು ಹೋದ್ರ ಯಾರ ಹೊಣಿ?"

ಮಾಸ್ತರರು ಪತ್ರಿಕೆಯನ್ನು ನಾಲ್ಕು ಮಡಿಕೆ ಮಾಡಿ ಬಾಕಿನ ಮೇಲಿಟ್ಟು, ಅದರ ಮೇಲೆ ಕೈಯಿಟ್ಟು ಕೂತರು. ಆ ಸಂಜೆ ಇಡೀ ಹಾಗೇ ಕೂತಿದ್ದರು. ಮೌಲಾಲಿ ಕೆಮ್ಮಿ ಎದ್ದುಹೋದ. ಹೊರಗೆ ಕಟ್ಟೆಯ ಮೇಲಿನ ಹೆಂಗಸರು ಸ್ವಲ್ಪ ಹೊತ್ತು ಕಾದು ಮೊರಗಳನ್ನು ಎತ್ತಿಕೊಂಡು ಮನೆಗೆ ನಡೆದರು.

ಶಿದ್ರಾಯನಿಗೆ ಅಂದೇ ಕೆಟ್ಟದೆನಿಸಿತು. ಆದರೆ ತಪ್ಪು ಮಾಡಿದವನಿಗೆ ನೆಪಗಳಿಗೆ ಬರವೇ? ಸಾಹೇಬರು ಬಂದು ಹೋಗಲಿ, ಹಲಗೆ ಕಿತ್ತು ಒಲೆಗೆ ಹಾಕಿ ಮಾಸ್ತರರ ಕಾಲು ಹಿಡಿದರಾಯಿತು ಎಂದು ತನಗೆ ತಾನೇ ಮುದ್ದತು ಕೊಟ್ಟುಕೊಂಡ.

ಮಾಸ್ತರರು ಮಾತ್ರ ಬರುವುದು ಬಿಡಲಿಲ್ಲ. ದಿನವೂ ಬಂದು ಮೂಲೆಯಲ್ಲಿ ಪತ್ರಿಕೆ ಹಿಡಿದು ಕೂರುತ್ತಿದ್ದರು. ಹಲ್ಲು ಬಿಗಿಹಿಡಿದು, ಕಣ್ಣು ಅರಳಿಸಿ, ಒಂದೇ ಕಡೆ ಅರ್ಧ ತಾಸು ನೋಡುತ್ತಿದ್ದರು. ಆಮೇಲೆ ನಿಟ್ಟುಸಿರು ಬಿಟ್ಟು ಎದ್ದುಹೋಗುತ್ತಿದ್ದರು.

ಅವರ ಮೊಮ್ಮಗಳು ಕಾಳವ್ವ, ಹನ್ನೆರಡು ವರ್ಷದವಳು, ಪುಸ್ತಕ ಬದಲಿಸಲು ಬರುತ್ತಿದ್ದಳು; ಚಿಕ್ಕ ಹುಡುಗಿಯೆಂದು ಚಾವಡಿಯಲ್ಲಿ ಯಾರೂ ತಡೆಯುತ್ತಿರಲಿಲ್ಲ. ಓದುವುದರಲ್ಲಿ ಇವಳದು ಮೂರನೆಯ ತರ. ನೀರಿಗೆ ಹೋಗುವಾಗ ಓದುವವಳು, ರೊಟ್ಟಿಯ ಮುಂದೆ ಓದುವವಳು, ಕನ್ನಡ ಮುಗಿದರೆ ಮರಾಠಿ, ಅದೂ ಮುಗಿದರೆ ಬೆಲ್ಲ ಕಟ್ಟಿಕೊಟ್ಟ ಕಾಗದ. ತುಟಿ ಅಲುಗಿಸುವುದು ಅವಳಿಗೆ ಗೊತ್ತೇ ಇಲ್ಲ. ಒಂದು ದಿನ ಪುಸ್ತಕ ಹಿಂದಿರುಗಿಸುತ್ತ ಹೇಳಿದಳು:

"ಶಿದ್ರಾಯ ಕಾಕಾ, ನಮ್ಮ ಅಜ್ಜಗ ಮನಸಿನ್ಯಾಗ ಓದೂದು ಬರಾಂಗೇ ಇಲ್ಲ. ನಾ ದಿನಾ ಕಲಸ್ಲಿಕತ್ತೀನಿ. ಧೋತರದ ಚುಂಗು ಹಲ್ಲಾಗ ಕಚ್ಕೊಂಡು ಕುಂದರ್ತಾನ, ತುಟಿ ಅಳ್ಯಾಡಬಾರ್ದಂತ. ಏನ್ ಓದಿದ್ಯೋ ಅಜ್ಜಾ ಅಂದ್ರ, ಏನೂ ಕೇಳ್ಸಲಿಲ್ಲವಾ ಅಂತಾನ."

ಹೇಳಿ ಕಿಲಕಿಲ ನಕ್ಕಳು. ಶಿದ್ರಾಯನಿಗೆ ನಗು ಬರಲಿಲ್ಲ.

"ಯಾಕಂತ ಕಲಿತಾರ?" ಎಂದು ಕೇಳಿದ.

"ಸಾಹೇಬ್ರು ಬರ್ತಾರಂತಲ್ಲ. ಶಿದ್ಯಾನ ಮಾನ ಹೋಗಬಾರ್ದು ಅಂತಾನ."

ಅವತ್ತೇ ಹೋಗಿ ಕಾಲು ಹಿಡಿಯಬೇಕಿತ್ತು. ಹೋಗಲಿಲ್ಲ. ಸಾಹೇಬರು ಬರಲು ಇನ್ನು ಎಂಟೇ ದಿನವಿತ್ತು.

ಸಾಹೇಬರು ಜೀಪಿನಲ್ಲಿ ಬಂದರು. ಬಿಳಿ ಟೋಪಿ, ಮೆತ್ತನೆಯ ಮಾತು, ಮರಾಠಿಯವರು. ಕೋಣೆ ತುಂಬಿ ಕಾಣಲಿ ಎಂದು ಶಿದ್ರಾಯ ಹನ್ನೆರಡು ಜನರನ್ನು ಕಾಡಿ ಬೇಡಿ ಕೂರಿಸಿದ್ದ. ಎಲ್ಲರ ಕೈಗೂ ಒಂದೊಂದು ಪುಸ್ತಕ, ಎಲ್ಲರ ಬಾಯಿಗೂ ಬೀಗ. ಮೌಲಾಲಿ ತನ್ನ ಪುಸ್ತಕವನ್ನು ತಲೆಕೆಳಗು ಹಿಡಿದು ಗಂಭೀರವಾಗಿ ಹಾಳೆ ತಿರುವುತ್ತಿದ್ದ. ಸಾಹೇಬರು ಅವನ ಹತ್ತಿರ ನಿಂತು, ಪುಸ್ತಕವನ್ನು ನೆಟ್ಟಗೆ ತಿರುಗಿಸಿಕೊಟ್ಟು, ಏನೂ ಅನ್ನದೆ ಮುಂದೆ ಹೋದರು. ಗೋಡೆಯ ಕನ್ನಡ ಹಲಗೆಯನ್ನು ಅಕ್ಷರ ಕೂಡಿಸಿ ಓದಿ ಮುಗುಳ್ನಕ್ಕರು. ಆಮೇಲೆ ಶಿದ್ರಾಯನ ಕಡೆ ತಿರುಗಿ ಮರಾಠಿಯಲ್ಲಿ ಕೇಳಿದರು: ಓದು ಬಾರದವರಿಗೆ ಇಲ್ಲಿ ಗಟ್ಟಿಯಾಗಿ ಓದಿ ಹೇಳುವವರು ಯಾರಿದ್ದಾರೆ? ಹಳ್ಳಿಯ ವಾಚನಾಲಯದಲ್ಲಿ ಅದೇ ಮುಖ್ಯ. ಅಂಥವರೊಬ್ಬರಿದ್ದರೆ ಹೆಸರು ಹೇಳಿ, ಬರೆದುಕೊಳ್ಳುತ್ತೇನೆ.

ಮೂಲೆಯಲ್ಲಿ ಮಾಸ್ತರರು ಪತ್ರಿಕೆಯಿಂದ ತಲೆಯೆತ್ತಿದ್ದರು. ಅವರ ಮುಖದಲ್ಲಿ ಎಷ್ಟೋ ದಿನದ ಮೇಲೆ ಒಂದು ಕಳೆ ಬಂದಿತ್ತು. ಅವರ ಹೆಸರು ಹೇಳಿದರೆ ಸಾಹೇಬರು ಓದಿಸಿ ನೋಡುತ್ತಾರೆ. ಓದಿಸಿದರೆ, ಇಂಥವರನ್ನು ಇಟ್ಟುಕೊಂಡು ಈ ಹಲಗೆ ಯಾಕೆ ಎಂದು ಕೇಳುತ್ತಾರೆ. ಕೇಳಿದರೆ ಹನ್ನೆರಡು ಬಾಯಿಗಳ ಬೀಗ ಒಂದೇ ಸಲ ತೆರೆಯುತ್ತದೆ. ಎರಡು ಉಸಿರಿನ ಹೊತ್ತಿನಲ್ಲಿ ಶಿದ್ರಾಯ ಇಷ್ಟನ್ನೂ ಯೋಚಿಸಿದ.

"ಮೀಚ್ ವಾಚೂನ ದಾಖವತೋ, ಸಾಹೇಬ," ಎಂದ. ನಾನೇ ಓದಿ ಹೇಳುತ್ತೇನೆ ಎಂದ.

ಸಾಹೇಬರು ಸಂತೋಷದಿಂದ ಅವನ ಹೆಸರು ಬರೆದುಕೊಂಡರು, ಬೆನ್ನು ತಟ್ಟಿದರು, ಆ ಹಲಗೆಯನ್ನು ಸಂಜೆ ಒಂದು ತಾಸು ತೆಗೆದಿಡಿ ಎಂದು ನಗುತ್ತ ಹೇಳಿ ಜೀಪು ಹತ್ತಿದರು. ತಿಂಗಳೊಳಗೆ ಮಾನ್ಯತೆ ಬಂತು. ಆದೇಶದಲ್ಲಿ 'ಓದಿ ಹೇಳುವವರು: ಶಿದ್ರಾಯ' ಎಂದು ಸ್ವಚ್ಛವಾಗಿ ನಮೂದಾಗಿತ್ತು.

ಮಾಸ್ತರರಿಗೆ ಮರಾಠಿ ಅಷ್ಟಾಗಿ ತಿಳಿಯದು ಎಂದು ಶಿದ್ರಾಯ ಮನಸ್ಸಿಗೆ ಸಮಾಧಾನ ಹೇಳಿಕೊಂಡ. ನಲವತ್ತು ವರ್ಷ ಜತ್ತಿನ ಸಂತೆ ಮಾಡಿದ ಮನುಷ್ಯನಿಗೆ ಮರಾಠಿ ತಿಳಿಯದೆಂದು ನಂಬಲು ಎಷ್ಟು ಕಷ್ಟವಾಗಬೇಕೋ ಅಷ್ಟೂ ಕಷ್ಟಪಟ್ಟ. ಮರುದಿನ ದಾರಿಯಲ್ಲಿ ಎದುರಾದಾಗ ಮಾಸ್ತರರು ಬದಿಗೆ ಸರಿದು ನಿಂತು, "ಬರ್ರಿ ಶಿದ್ರಾಯಪ್ಪಾ, ಹೊಲಕ್ಕ ಹೊಂಟೀರೇನ್ರಿ?" ಎಂದರು. ಹುಟ್ಟಿದಾಗಿನಿಂದ ಅವರ ಬಾಯಲ್ಲಿ 'ಲೇ ಶಿದ್ಯಾ' ಆಗಿದ್ದವನಿಗೆ ಆ 'ರಿ' ಬೆತ್ತದ ಏಟಿಗಿಂತ ಜೋರಾಗಿ ಬಿತ್ತು. ಅಂದಿನಿಂದ ಅವರು ವಾಚನಾಲಯದ ಕಡೆ ಬರಲಿಲ್ಲ.

ಈಗ ಓದಿ ಹೇಳುವ ಪಾಳಿ ಶಿದ್ರಾಯನದು. ಸಂಜೆ ಹಲಗೆ ಇಳಿಸಿ, ಪತ್ರಿಕೆ ಹಿಡಿದು ಓದತೊಡಗಿದ. ಕಣ್ಣಿನ ಓಟಕ್ಕೆ ಒಗ್ಗಿದ ಬಾಯಿ ಅದು. ಸಾಲು ಸಾಲು ನುಂಗಿಕೊಂಡು ಓಡಿತು. ಮೌಲಾಲಿ ಎರಡು ದಿನ ಬಂದು ಮೂರನೆಯ ದಿನ ಎದ್ದು ನಿಂತ.

"ತಮ್ಮಾ, ನಿನ್ನ ಓದಿನ್ಯಾಗ ಹೂಂ ಅನ್ಲಿಕ್ಕೆ ಜಾಗಾನ ಸಿಗವಲ್ತು. ಸಿಟ್ಟಾಗಬ್ಯಾಡ," ಎಂದು ಹೋದ.

ಮನೆಯಲ್ಲಿ ಸಂಗವ್ವ ರೊಟ್ಟಿ ಬಡಿಯುತ್ತಿದ್ದಳು. ಶಿದ್ರಾಯ ಸುಮ್ಮನಿರಲಾರದೆ ಕೇಳಿದ:

"ಯವ್ವಾ, ನೀವು ಯಾಕ ಕಟ್ಟಿಮ್ಯಾಲ ಕುಂದರೂದು ಬಿಟ್ರಿ?"

"ಅಲ್ಲೇನೈತಿ ಈಗ? ಖರೇನ ಕೇಳ್ತೀಯೇನು? ನಿಮ್ಮಪ್ಪ ಹೋದಾಗಿಂದ ನನಗ ಲೋಕದ ಸುದ್ದಿ ತಿಳಿದಿದ್ದು ಆ ಮುದುಕನ ದನಿಯಿಂದ. ಚಾವಡಿಗೆ ನಾವು ಬರಾಂಗಿಲ್ಲ, ಅವ್ನ ದನೀನ ನಮ್ಮ ಕಡಿ ಬರ್ತಿತ್ತು. ಬೇಕಂತನ ಕಿಟಕಿ ಕಡಿ ಮಾರಿ ಮಾಡಿ ಓದ್ತಿದ್ದ. ನೀ ಅವ್ನ ಬಾಯಿ ಮುಚ್ಚಿಸಿದಿ, ಅದರ ಕೂಡ ನಮ್ಮ ಕಿವೀನೂ ಮುಚ್ಚಿದ್ವು." ತಟ್ಟಿದ ರೊಟ್ಟಿಯನ್ನು ಹಂಚಿಗೆ ಹಾಕಿ ಮತ್ತೆ ಹೇಳಿದಳು: "ಮ್ಯಾಲೆ ಅವನ ಹೆಸರು ನೀನ ನುಂಗಿದಿ. ಊರಿಗೆಲ್ಲಾ ಗೊತ್ತೈತಿ. ಆಡ್ಲಿಕ್ಕೆ ನಾಚಿಕಿ, ಅದಕ ಯಾರೂ ಆಡವಲ್ರು."

ಶಿದ್ರಾಯ ಅಂದು ಸಾಹೇಬರಿಗೊಂದು ಕಾಗದ ಬರೆದ. ನಾನು ಹೇಳಿದ್ದು ಸುಳ್ಳು, ಓದಿ ಹೇಳುವವರು ಮಲಕಾಜಪ್ಪ ಮಾಸ್ತರರು ಎಂದು ಬರೆದು ಲಕೋಟೆಗೆ ಹಾಕಿ ವಿಳಾಸವನ್ನೂ ಬರೆದ. ಮಾನ್ಯತೆ ಹೋದೀತೆಂಬ ಅಂಜಿಕೆಯಲ್ಲಿ ಟಪಾಲಿಗೆ ಹಾಕಲಿಲ್ಲ. ಐದು ವರ್ಷದ ಮೇಲೂ ಅದು ಕಪಾಟಿನ ಕೆಳಗಿನ ಅರೆಯಲ್ಲಿ ಬಿದ್ದಿತ್ತು. ಪ್ರತಿ ಸಲ ಕಪಾಟು ಝಾಡಿಸುವಾಗ ಅದನ್ನು ಎತ್ತಿ ಧೂಳು ಒರೆಸಿ ಅಲ್ಲೇ ಇಡುತ್ತಿದ್ದ. ಅವನ ಧೈರ್ಯ ಅಷ್ಟರದೇ.

ಆದರೆ ಕಾಗದ ಬರೆದ ಮರುದಿನವೇ ಮಾಸ್ತರರ ಮನೆಗೆ ಹೋದ. ಅಷ್ಟಾದರೂ ಮಾಡಿದ. ಪಡಸಾಲೆಯಲ್ಲಿ ಕೂತಿದ್ದ ಮಾಸ್ತರರು ಅವನನ್ನು ಕಂಡು ಎದ್ದು ನಿಂತು ಕಂಬಳಿ ಹಾಸಿದರು. ಆ ಮನೆಯಲ್ಲಿ ಶಿದ್ರಾಯನಿಗೆ ಯಾರೂ ಎಂದೂ ಕಂಬಳಿ ಹಾಸಿರಲಿಲ್ಲ. ಉಸುಕಿನ ಮೇಲೆಯೇ ಕೂತು ಬೆಳೆದವನು.

"ಕುಂದ್ರಿ, ಕುಂದ್ರಿ. ಕಾಳೀ, ನೀರು ತಾರ ಇವರಿಗೆ."

"ಮಾಸ್ತರ, ನನಗ ರೀ ಅನಬ್ಯಾಡ್ರಿ. ನನ್ನ ಕಿವಿ ಹಿಂಡ್ರಿ, ಬಡೀರಿ, ಏನರೆ ಮಾಡ್ರಿ. ನಾ ತಪ್ಪ ಮಾಡೀನಿ. ಸಾಹೇಬ್ರ ಮುಂದ ನಿಮ್ಮ ಹೆಸರು ಹೇಳ್ಬೇಕಿತ್ತು."

ಮಾಸ್ತರರಿಗೆ ಅವನ ಕಣ್ಣೀರು ಕಂಡು ಗಾಬರಿಯಾಯಿತು.

"ಅಯ್ಯ, ಅದಕ್ಯಾಕ ಅಳ್ತೀರಿ? ಚಲೋನ ಆತಲ್ರಿ. ಕಪಾಟು ಉಳೀತು. ನಾನೂ ಮುದುಕ ಆದೆ. ಈಗಿನ ಓದು ಬ್ಯಾರೆ, ನಮ್ಮದು ಒದರಾಟ."

ಅವನು ಅಂದಿದ್ದ ಮಾತೇ ಅದು. ಅವರು ಅದನ್ನು ತಿರುಗಿಸಿ ಎಸೆಯಲಿಲ್ಲ. ಅವನು ಕಲಿಸಿದ ಪಾಠವೆಂದು ನಂಬಿ ಒಪ್ಪಿಸಿದರು. ಶಿದ್ರಾಯ ಅವರ ಕಾಲು ಹಿಡಿದು, ನೀವು ಬರದಿದ್ದರೆ ನಾಳೆಯಿಂದ ಆ ಕೋಣೆಯ ಬಾಗಿಲು ತೆರೆಯುವುದಿಲ್ಲ ಎಂದು ಹಟ ಹಿಡಿದ. ಕಡೆಗೆ ಕಾಳವ್ವನೇ, "ಹೋಗೋ ಅಜ್ಜಾ, ಚುಂಗು ಕಚ್ಚಿ ಕಚ್ಚಿ ಎರಡು ಧೋತರ ಹರದೀದಿ," ಎಂದಳು. ಮಾಸ್ತರರು ಬರುತ್ತೇನೆಂದರು.

ಮರುದಿನ ಸಂಜೆಗೆ ಶಿದ್ರಾಯ ಹಲಗೆಯನ್ನು ಕಿತ್ತು ಒಡೆದು ಹಾಕಿದ್ದ. ಸುದ್ದಿ ಹಬ್ಬಿ ಕೋಣೆ ತುಂಬಿತ್ತು. ಮೌಲಾಲಿ ಗಂಟಲು ಸರಿಮಾಡಿಕೊಂಡು ಎದುರಿಗೆ ಕೂತ. ಕಟ್ಟೆಯ ಮೇಲೆ ಹೆಂಗಸರು ಮೊರ ತೊಡೆಯ ಮೇಲಿಟ್ಟುಕೊಂಡು ಬೇಳೆಗೆ ಕೈ ಹಾಕದೆ ಕಾದರು. ಮಾಸ್ತರರು ಕಿಟಕಿಯ ಹತ್ತಿರ ಕೂತು ಪತ್ರಿಕೆ ಬಿಡಿಸಿದರು, ಬೆರಳಿಟ್ಟರು, ಬಾಯಿ ತೆರೆದರು.

ಎದುರಿನವನಿಗೂ ಸರಿಯಾಗಿ ಕೇಳದ ಒಂದು ಪಿಸುದನಿ ಹೊರಟಿತು. ಎರಡು ತಿಂಗಳು ಹಲ್ಲಿನಲ್ಲಿ ಬಟ್ಟೆ ಕಚ್ಚಿ ಅದುಮಿದ ದನಿ. ರಾಗವಿಲ್ಲ, ತೂಗಾಟವಿಲ್ಲ. ಒಂದು ಸಾಲು ಮುಗಿಸಿ ನಿಂತು, ಅವರು ಶಿದ್ರಾಯನ ಮುಖ ನೋಡಿದರು. ಅವನು ತಲೆಯಾಡಿಸಿದ. ಇನ್ನೊಂದು ಸಾಲು ಓದಿ ಮತ್ತೆ ನೋಡಿದರು. ಮೌಲಾಲಿ ಬಾಗಿ ಕಿವಿಗೆ ಕೈ ಹಚ್ಚಿ, ಹೂಂ ಎನ್ನಲು ಬಾಯಿ ತೆರೆದವನು ಹಾಗೇ ಉಳಿದ.

"ಮಾಸ್ತರಾ, ಕೇಳ್ಸವಲ್ದರೀ!" ಕಿಟಕಿಯ ಆಚೆಯಿಂದ ಸಂಗವ್ವ ಕೂಗಿದಳು.

ಮಾಸ್ತರರು ಕಿಟಕಿಯ ಕಡೆ ತಿರುಗಲಿಲ್ಲ. ಸಾಲಿನ ಮೇಲೆ ಬೆರಳು ಹಾಗೇ ಹಿಡಿದು ಶಿದ್ರಾಯನನ್ನು ನೋಡಿ, "ಇನ್ನೊಂದೀಟು ಜೋರ ಓದಿದ್ರ ನಡೀತದೇನ್ರಿ?" ಎಂದು ಕೇಳಿದರು.